ಗ್ಯಾಸ್‌ಲೈಟ್ ಅಂಗಡಿಯ ಸ್ಥಾಪಕರು

ಅರುವತ್ತು ಹತ್ತಿರವಾಗುವಾಗ ಕೆಲವರಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಕೆಲವರಿಗೆ ಯೋಗ ಬರುತ್ತದೆ, ಇನ್ನು ಕೆಲವರಿಗೆ ಇದ್ದಕ್ಕಿದ್ದಂತೆ ಭಜನೆ ಹಾಡಲು ಬರುತ್ತದೆ. ನನಗೆ ಬಂದದ್ದು ಅಜ್ಜ. ಅಂದರೆ ಅಜ್ಜನನ್ನು ಹುಡುಕುವ ಚಟ. ಅದೂ ಮಡಿಕೆ ಮಡಿಕೆಯಾಗಿ ಉದುರುವ ಹಳೆಯ ಜಿಲ್ಲಾ ವ್ಯಾಪಾರ ಡೈರೆಕ್ಟರಿಗಳಲ್ಲಿ. ಬದುಕಿರುವ ನೆಂಟರ ಮನೆಗೆ ಹೋಗಬೇಕಾದರೆ ನಾನು ಮೂರು ಸಲ ಫೋನ್ ಮಾಡಿ ದಾರಿ ಕೇಳುವವನು. ಆದರೆ ತೀರಿಹೋಗಿ ಎರಡು ತಲೆಮಾರು ಕಳೆದವರ ಅಂಗಡಿ ಕಾಪು ಪೇಟೆಯಲ್ಲಿ ಯಾವ ಕಡೆಗಿತ್ತು, ಅದರ ಪಕ್ಕ ಹಂಚಿನ ಡಿಪೋ ಇತ್ತೋ ನಶ್ಯದ ಅಂಗಡಿ ಇತ್ತೋ ಎಂದು ಕೇಳಿ ನೋಡಿ, ತಟ್ಟನೆ ಹೇಳುತ್ತೇನೆ. ನನ್ನ ಹೆಂಡತಿ ಸುಮತಿ, “ನೀವು ಯಾರನ್ನಾದರೂ ವಿಚಾರಿಸಬೇಕಾದರೆ ಮೊದಲು ಅವರು ಸಾಯಬೇಕು ಅಲ್ವಾ?” ಎಂದು ಕೇಳಿದಳು. ಆಗ ಅವಳಿಗೆ ಎರಡು ದಿನದಿಂದ ಜ್ವರವಿತ್ತು, ನನಗೆ ಗೊತ್ತಿರಲಿಲ್ಲ.

ಈ ಚಟ ಹಿಡಿಯಲು ಕಾರಣ ನಮ್ಮ ಮನೆಯ ಒಂದು ಹಳೆಯ ಸಿಟ್ಟು. ಬೇರೆಯವರಿಗೆ ಹಿರಿಯರಿಂದ ತೆಂಗಿನ ತೋಟವೋ ಹಿತ್ತಾಳೆ ಹಂಡೆಯೋ ಬಂದಿರುತ್ತದೆ. ನನಗೆ ಅಪ್ಪನಿಂದ ಬಂದದ್ದು ಬಾಬು ಎಂಬವರ ಮೇಲಿನ ಸಿಟ್ಟು, ಮತ್ತು ಒಂದು ಫೋಟೋ. ನನ್ನ ಅಜ್ಜ ತ್ಯಾಂಪಣ್ಣ ಕಾಪು ಪೇಟೆಯಲ್ಲಿ ಗ್ಯಾಸ್‌ಲೈಟ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದರು. ಕರೆಂಟು ಬರುವ ಮೊದಲು ಮದುವೆಯಿರಲಿ, ಯಕ್ಷಗಾನವಿರಲಿ, ಭೂತಕೋಲವಿರಲಿ, ಬೆಳಕು ಬೇಕಾದರೆ ಇಂಥ ಅಂಗಡಿಗೆ ಬರಬೇಕಿತ್ತು. ಸೀಮೆಎಣ್ಣೆ ತುಂಬಿ, ಗಾಳಿ ಪಂಪು ಹೊಡೆದು, ರೇಷ್ಮೆ ಬಲೆಯಂಥ ಮ್ಯಾಂಟಲ್ ಕಟ್ಟಿ ಹೊತ್ತಿಸಿದರೆ ಇಡೀ ಚಪ್ಪರ ಬೆಳಗುತ್ತಿತ್ತಂತೆ. ನನ್ನ ಅಪ್ಪ ಚಿಕ್ಕಂದಿನಿಂದ ಆ ದೀಪಗಳನ್ನು ಉಜ್ಜಿ ಬೆಳೆದವರು. ಅಜ್ಜ ತೀರಿಕೊಂಡಾಗ ಅಂಗಡಿ ಮಾತ್ರ ಅಪ್ಪನಿಗೆ ಬರಲಿಲ್ಲ. ನಮ್ಮದು ಆಗ ಅಳಿಯಕಟ್ಟು. ಗಂಡಸಿನ ಸೊತ್ತು ಅವನ ಮಗನಿಗಲ್ಲ, ಅಕ್ಕತಂಗಿಯರ ಮಗನಿಗೆ, ಅಂದರೆ ಸೋದರಳಿಯನಿಗೆ. ಅಂಗಡಿ ಅಜ್ಜನ ತಂಗಿಯ ಮಗ ಬಾಬುವಿಗೆ ಹೋಯಿತು. ಅಪ್ಪ ಅಜ್ಜನ ಫೋಟೋ ಎತ್ತಿಕೊಂಡು ಉಡುಪಿಗೆ ಬಂದು ಶಾಲಾ ಮೇಷ್ಟ್ರಾದರು.

ಅಪ್ಪ ಸಾಧು ಮನುಷ್ಯ. ಮಕ್ಕಳಿಗೆ ಹೊಡೆಯದೆ ಮಗ್ಗಿ ಕಲಿಸಿದವರು. ಆದರೆ ಮನೆಯಲ್ಲಿ ಕರೆಂಟು ಹೋದ ಕೂಡಲೇ ಅವರಿಗೆ ಬಾಬುವಿನ ನೆನಪಾಗುತ್ತಿತ್ತು. ಮಳೆಗಾಲದಲ್ಲಿ ಉಡುಪಿಯ ಪಕ್ಕದ ನಮ್ಮ ಅಂಬಲಪಾಡಿಯ ಕರೆಂಟು ಎಷ್ಟು ಸಲ ಹೋಗುತ್ತದೆ ಎಂದು ಬಲ್ಲವರಿಗೆ ನನ್ನ ಬಾಲ್ಯದಲ್ಲಿ ಬಾಬು ಎಷ್ಟು ದೊಡ್ಡ ಪಾತ್ರವಾಗಿದ್ದರು ಎಂದು ಅರ್ಥವಾದೀತು. “ದೀಪ ಉಜ್ಜಿದ್ದು ನಾನು, ಅಂಗಡಿ ಅವನಿಗೆ” ಎಂದು ಅಪ್ಪ ಶುರು ಮಾಡುತ್ತಿದ್ದರು. ಕೊನೆಗೆ, “ಅಂಗಡಿ ಹೋಗಲಿ, ಕಟ್ಟಿದವರು ಇಂಥವರು ಅಂತ ಒಂದು ಹೆಸರಾದರೂ ಅಲ್ಲಿ ಇರಬೇಡವಾ?” ಎನ್ನುತ್ತಿದ್ದರು. ಅಪ್ಪ ಹೋದ ಮೇಲೆ ಮನೆಗೆ ಇನ್ವರ್ಟರ್ ಬಂತು. ಆದರೂ ಆ ಕೊನೆಯ ಮಾತು ನನ್ನಲ್ಲಿ ಉಳಿದುಕೊಂಡಿತು.

ಹೀಗಿರುವಾಗ ಬಾಬು ಅವರ ಮೊಮ್ಮಗ ಯೋಗೀಶ ಒಂದು ಭಾನುವಾರ ನಮ್ಮ ಮನೆಗೆ ಬಂದ. ಅಳಿಯಕಟ್ಟು ಹೋಗಿ ಕಾಲವಾಗಿತ್ತು, ಅಂಗಡಿ ಈಗ ಅವನದು. ಗ್ಯಾಸ್‌ಲೈಟ್ ಹೋಗಿ ಲೈಟಿಂಗ್, ಶಾಮಿಯಾನ, ಸೌಂಡು ಎಲ್ಲ ಬಂದಿದೆ. ಅಂಗಡಿಯನ್ನು ಹೊಸದಾಗಿ ಕಟ್ಟಿಸಿದ್ದಾನಂತೆ. ನಮ್ಮ ಮಾತೆಲ್ಲ ತುಳುವಿನಲ್ಲೇ ನಡೆದದ್ದು, ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಗೋಡೆಯಲ್ಲಿ ಹಿರಿಯರ ಫೋಟೋ ಹಾಕ್ಬೇಕು ಅಂತ ಉಂಟು ಮಾವ. ತ್ಯಾಂಪಜ್ಜನ ಫೋಟೋ ನಿಮ್ಮಲ್ಲಿ ಮಾತ್ರ ಇರುವುದಂತೆ. ಒಂದು ಕಾಪಿ ತೆಗೆದು ತಂದುಕೊಡ್ತೇನೆ” ಎಂದ.

ನಾನು ಅಂಥ ಸಂದರ್ಭಕ್ಕಾಗಿಯೇ ಇಷ್ಟು ವರ್ಷ ಕಾದವನಂತೆ ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. “ಕೊಡುವ. ಆದರೆ ಕೆಳಗೆ ‘ಸ್ಥಾಪಕರು’ ಅಂತ ಬರೆಸಬೇಕು” ಎಂದೆ.

ಯೋಗೀಶ ತಲೆ ಕೆರೆದುಕೊಂಡ. “ಸ್ಥಾಪಕರು ನಮ್ಮ ಬಾಬಜ್ಜ ಅಂತ ನಮ್ಮಲ್ಲಿ ಹೇಳುವುದು. ಬೋರ್ಡಿನಲ್ಲೂ ಹಾಗೇ ಬರೆಸಿ ಆಗಿದೆ. ನಿಮ್ಮಲ್ಲಿ ದಾಖಲೆ ಎಂತಾದ್ರೂ ಉಂಟಾ ಮಾವ? ಇದ್ರೆ ಬೋರ್ಡು ಬದಲಿಸುವ, ನನಗೆಂತ ತೊಂದರೆ ಇಲ್ಲ.”

ಅವನು ಜಗಳವಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಇಷ್ಟು ಮರ್ಯಾದೆಯಿಂದ ದಾಖಲೆ ಕೇಳಿದರೆ ಹುಡುಕದೆ ಬೇರೆ ದಾರಿ ಯಾವುದು? ಫೋಟೋವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ ನಾನು ದಾಖಲೆಯ ಬೆನ್ನು ಹತ್ತಿದೆ.

ನಾನು ಮಣಿಪಾಲದ ಒಂದು ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ಗುಮಾಸ್ತ. ದಾಖಲೆಯಿಲ್ಲದೆ ಯಾರ ಮಾತನ್ನೂ ನಂಬಬಾರದು ಎಂಬುದು ನಮ್ಮ ವಿಭಾಗದ ಮೊದಲ ಪಾಠ. ಅಂಗಡಿಯ ಲೈಸೆನ್ಸಿಗಾಗಿ ಒಂದೆರಡು ಕಚೇರಿ ಸುತ್ತಿದೆ. ಗೆದ್ದಲು ತಿಂದಿದೆ ಎಂದು ಒಂದು ಕಡೆ, ಮಂಗಳೂರಿನಲ್ಲಿ ಕೇಳಿ ಎಂದು ಇನ್ನೊಂದು ಕಡೆ ಹೇಳಿದರು. ಆಗ ಗ್ರಂಥಾಲಯದಲ್ಲಿ ಕೆಲಸ ಮಾಡುವ ನನ್ನ ಗೆಳೆಯನೊಬ್ಬ, “ಹಳೆಯ ವ್ಯಾಪಾರ ಡೈರೆಕ್ಟರಿ ನೋಡಿದ್ದೀರಾ?” ಎಂದು ಕೇಳಿ ಹಿಂದಿನ ಕೋಣೆಗೆ ಕರೆದುಕೊಂಡು ಹೋದ. ಅಲ್ಲಿ ಕೆಳಗಿನ ಅರೆಯಲ್ಲಿ, ದಕ್ಷಿಣ ಕನ್ನಡ ಇನ್ನೂ ಮದರಾಸಿಗೆ ಸೇರಿದ್ದ ಕಾಲದ ಮೂರು ದಪ್ಪ ಪುಸ್ತಕಗಳಿದ್ದವು. ಒಂದೇ ಡೈರೆಕ್ಟರಿಯ ಮೂರು ಬೇರೆ ಬೇರೆ ಕಾಲದ ಮುದ್ರಣಗಳು.

ಈ ಪುಸ್ತಕಗಳನ್ನು ನೋಡದವರಿಗೆ ಸ್ವಲ್ಪ ಹೇಳಬೇಕು. ಛಾಪಖಾನೆಯವರು ಊರೂರಿಗೆ ಜನ ಕಳುಹಿಸಿ, ಅಂಗಡಿಯವರ ಹೆಸರು, ಕಸುಬು, ಪೇಟೆಯ ಹೆಸರು ಬರೆಸಿಕೊಂಡು ಅಚ್ಚು ಹಾಕುತ್ತಿದ್ದರು. ಉಡುಪಿ, ಕಾರ್ಕಳ, ಕಾಪು ಎಂದು ಊರಿನ ಪ್ರಕಾರ, ಊರಿನೊಳಗೆ ಕಸುಬಿನ ಪ್ರಕಾರ ಪಟ್ಟಿ. ಕೇಳಲು ಸುಲಭ. ಆದರೆ ಯಾವ ಕಸುಬನ್ನು ಯಾವ ತಲೆಬರಹದ ಕೆಳಗೆ ಹಾಕಿದ್ದಾರೆ ಎಂಬುದು ಆ ದಿನ ಬರೆದುಕೊಳ್ಳಲು ಹೋದವನ ಮರ್ಜಿ. ನಾನು ಗ್ಯಾಸ್‌ಲೈಟನ್ನು ದೀಪದಲ್ಲಿ ಹುಡುಕಿದೆ, ಸೀಮೆಎಣ್ಣೆಯಲ್ಲಿ ಹುಡುಕಿದೆ, ಪಾತ್ರೆಯಲ್ಲೂ ಹುಡುಕಿದೆ. ಕೊನೆಗೆ ಸಿಕ್ಕಿದ್ದು ಬ್ಯಾಂಡ್ ಸೆಟ್ಟಿನವರ ಪಟ್ಟಿಯಲ್ಲಿ, ಮದುವೆಯ ಪಲ್ಲಕ್ಕಿಗಳ ಕೆಳಗೆ. ಅಷ್ಟರೊಳಗೆ ನಾನು ಕಾರ್ಕಳದ ಕೊಡೆ ರಿಪೇರಿಯವರನ್ನೆಲ್ಲ ಮುಖಪರಿಚಯವಾಗುವಷ್ಟು ಓದಿಯಾಗಿತ್ತು. ಅವರು ಮೂವರು, ಮೂವರೂ ‘ಪ್ರಮುಖರು’. ಆ ಪುಸ್ತಕದಲ್ಲಿ ಪ್ರಮುಖರಲ್ಲದವರು ಯಾರೂ ಇಲ್ಲ. ಇನ್ನೊಂದು ವಿಷಯವನ್ನೂ ಗಮನಿಸಿದೆ. ಬೋರ್ಡು ಇದ್ದವರಿಗೆ ಮಾತ್ರ ಅಲ್ಲಿ ಜಾಗ. ನನ್ನ ಅಜ್ಜಿ ದಿನಾ ಬೆಳಿಗ್ಗೆ ಪೇಟೆಯಲ್ಲಿ ಕುಳಿತು ಮಲ್ಲಿಗೆ ಮಾರಿ ಐದು ಮಕ್ಕಳನ್ನು ಸಾಕಿದವರು. ಅವರು ಯಾವ ಪುಟದಲ್ಲೂ ಇಲ್ಲ. ಆಗ ನನಗೆ ಅದು ಅಷ್ಟಾಗಿ ತಟ್ಟಲಿಲ್ಲ, ನಾನು ಅಜ್ಜನ ಅವಸರದಲ್ಲಿದ್ದೆ.

ಮೊದಲು ತೆರೆದದ್ದು ಮೂರರಲ್ಲಿ ತೀರ ಈಚಿನದು. ಕಾಪು ಪೇಟೆ, ಗ್ಯಾಸ್‌ಲೈಟ್ ಬಾಡಿಗೆ, ಮಾಲಕರು ಬಾಬು. ಅಚ್ಚಾದ ಅಕ್ಷರದಲ್ಲಿ ಆ ಹೆಸರನ್ನು ನೋಡಿ ನನಗೆ ನಿಜವಾಗಿಯೂ ಮೈ ಉರಿಯಿತು. ಗ್ರಂಥಾಲಯದ ಫ್ಯಾನ್ ತಿರುಗುತ್ತಲೇ ಇತ್ತು, ಕರೆಂಟು ಹೋಗದೆಯೂ ಬಾಬು ಬಂದಿದ್ದರು. ನಡುವಿನ ಪುಸ್ತಕ ತೆರೆದೆ. ಅದೇ ಕಾಪು, ಅದೇ ಗ್ಯಾಸ್‌ಲೈಟ್. ಮಾಲಕರು ತ್ಯಾಂಪಣ್ಣ! ನನ್ನ ಅಜ್ಜ, ಅರ್ಧ ಸಾಲಿನಲ್ಲಿ, ಪ್ರಮುಖರಾಗಿ. ಕಣ್ಣು ಒದ್ದೆಯಾಯಿತು ಎಂದು ಹೇಳಲು ನಾಚಿಕೆಯಿಲ್ಲ. ಆ ಪುಟದ ನಾಲ್ಕು ಜೆರಾಕ್ಸ್ ಮಾಡಿಸಿ, ಒಂದಕ್ಕೆ ಲ್ಯಾಮಿನೇಶನ್ ಹಾಕಿಸಿದೆ. ಅಲ್ಲಿಂದಲೇ ಯೋಗೀಶನಿಗೆ ಫೋನ್ ಮಾಡಿ, “ಬೋರ್ಡಿನವನಿಗೆ ಹೇಳಿಡು” ಎಂದೆ.

ಅಲ್ಲಿಗೆ ನಿಲ್ಲಿಸಿದ್ದರೆ ನಾನು ಗೆದ್ದಿದ್ದೆ. ಆದರೆ ಮೂರನೆಯ ಪುಸ್ತಕವೊಂದು ಉಳಿದಿತ್ತಲ್ಲ, ಎಲ್ಲಕ್ಕಿಂತ ಹಳೆಯದು. ಅಜ್ಜ ಅದರಲ್ಲೂ ಇದ್ದರೆ ‘ಸ್ಥಾಪಕರು’ ಎಂಬುದಕ್ಕೆ ಇನ್ನೂ ಗಟ್ಟಿ ಸಾಕ್ಷಿಯಾಗುತ್ತದೆ ಎಂದು ಆಸೆಪಟ್ಟೆ. ತೆರೆದೆ. ಅಂಗಡಿ ಇತ್ತು. ಅಜ್ಜನ ಹೆಸರಿರಲಿಲ್ಲ. ಇಂಗ್ಲಿಷಿನಲ್ಲಿ ‘ಮುತ್ತಪ್ಪ ಮತ್ತು ಅಳಿಯ’ ಎಂದಿತ್ತು.

ಯಾರು ಈ ಮುತ್ತಪ್ಪ? ಅಪ್ಪ ಹೇಳಿದ ಕತೆಯಲ್ಲಿ ಈ ಹೆಸರು ಒಮ್ಮೆಯೂ ಬಂದಿರಲಿಲ್ಲ. ಆ ಪುಟದ ಜೆರಾಕ್ಸ್ ಮಾತ್ರ ನಾನು ಮಾಡಿಸಲಿಲ್ಲ. ಮರೆತದ್ದಲ್ಲ.

ಉದ್ಯಾವರದಲ್ಲಿ ಅಪ್ಪನ ತಂಗಿ, ನನ್ನ ಗಿರಿಜತ್ತೆ ಇದ್ದಾರೆ. ಎಂಬತ್ತೇಳು ವರ್ಷ. ಕಣ್ಣು ಸ್ವಲ್ಪ ಮಂಜು, ನಾಲಿಗೆ ಮಾತ್ರ ಹರಿತ. ಅವರ ಮುಂದೆ ಕುಳಿತು, ಏನೂ ಗೊತ್ತಿಲ್ಲದವನ ಹಾಗೆ, “ಅತ್ತೆ, ಮುತ್ತಪ್ಪ ಅಂದರೆ ಯಾರು?” ಎಂದು ಕೇಳಿದೆ.

“ನಮ್ಮ ಅಪ್ಪನ ಸೋದರಮಾವ” ಎಂದರು ಅತ್ತೆ, ಬಸಳೆ ಸೋಸುತ್ತಾ. “ಅಂಗಡಿ ಅವರದ್ದೇ ಅಲ್ವಾ? ಬೊಂಬಾಯಿಯಿಂದ ಎರಡು ಗ್ಯಾಸ್‌ಲೈಟ್ ತಲೆಯಲ್ಲಿ ಹೊತ್ತುಕೊಂಡು ಬಂದು ಶುರು ಮಾಡಿದ್ದು. ಅವರು ಹೋದ ಮೇಲೆ ನಮ್ಮ ಅಪ್ಪನಿಗೆ ಬಂತು. ಅಳಿಯ ಅಲ್ವಾ.”

“ಮುತ್ತಪ್ಪನಿಗೆ ಮಕ್ಕಳಿರಲಿಲ್ಲವಾ?”

“ಇಲ್ಲದೆ ಎಂತ? ಇಬ್ಬರು ಗಂಡುಮಕ್ಕಳು. ದೀಪ ಉಜ್ಜಿದ್ದು ನಾವು, ಅಂಗಡಿ ತ್ಯಾಂಪನಿಗೆ ಅಂತ ಹೇಳಿಕೊಂಡು ಕಾರ್ಕಳಕ್ಕೆ ಹೋದರು. ಮತ್ತೆ ಈ ಕಡೆಗೆ ಬರ್ಲಿಲ್ಲ.”

ನನ್ನ ಅಪ್ಪನ ಮಾತು, ಒಂದಕ್ಷರ ಬಿಡದೆ. ಹೆಸರೊಂದೇ ಬೇರೆ. ಮೂರು ತಿಂಗಳು ಶನಿವಾರ ಭಾನುವಾರ ಕಳೆದು, ಕಣ್ಣಿಗೆ ಹೊಸ ಕನ್ನಡಕ ಮಾಡಿಸಿ, ಗ್ರಂಥಾಲಯದ ಧೂಳಿಗೆ ಸೀನಿ ಸೀನಿ ನಾನು ಸಂಗ್ರಹಿಸಿದ್ದನ್ನು ಅತ್ತೆ ಒಂದು ಕಟ್ಟು ಬಸಳೆ ಸೋಸಿ ಮುಗಿಯುವಷ್ಟರಲ್ಲಿ ಹೇಳಿದ್ದರು. “ಇದನ್ನೆಲ್ಲ ನೀವು ನನಗೆ ಯಾಕೆ ಹೇಳಲಿಲ್ಲ ಅತ್ತೆ?” ಎಂದು ಕೇಳಿದೆ.

“ನೀನು ಕೇಳಿದ್ದು ಯಾವಾಗ ಮಾರಾಯ? ಬಂದರೆ ಚಾ ಕುಡಿದು ವಾಚು ನೋಡುವವ ನೀನು.” ಆಮೇಲೆ ಅತ್ತೆ ಸ್ವರ ತಗ್ಗಿಸಿ ಹೇಳಿದರು, “ನಿನ್ನ ಅಪ್ಪನಿಗೆ ಬೇಸರ ಆದದ್ದು ಸುಳ್ಳಲ್ಲ. ಆ ದೀಪ ಅಂದ್ರೆ ಅವನಿಗೆ ಜೀವ. ಹಾಗಂತ ಬಾಬು ಕಳ್ಳ ಅಲ್ಲ. ಬಾಬು ಕಳ್ಳ ಆದ್ರೆ ನಮ್ಮ ಅಪ್ಪನೂ ಕಳ್ಳ.”

ಉದ್ಯಾವರದಿಂದ ಅಂಬಲಪಾಡಿಗೆ ಬಸ್ಸಿನಲ್ಲಿ ಹತ್ತು ನಿಮಿಷದ ದಾರಿ. ಆ ಹತ್ತು ನಿಮಿಷದಲ್ಲಿ ನಾನು ಎಂಥ ಮನುಷ್ಯ ಎಂದು ನನಗೆ ಚೆನ್ನಾಗಿ ತಿಳಿಯಿತು. ಮೂರನೆಯ ಪುಸ್ತಕವನ್ನು ನಾನು ಮತ್ತು ಗೆದ್ದಲು ಬಿಟ್ಟರೆ ಯಾರೂ ನೋಡಿಲ್ಲ. ಯೋಗೀಶ ಗ್ರಂಥಾಲಯದ ಕಡೆ ತಲೆ ಹಾಕುವವನಲ್ಲ. ಅತ್ತೆಯನ್ನು ಯಾರೂ ಏನೂ ಕೇಳುವುದಿಲ್ಲ, ಅದಕ್ಕೆ ನಾನೇ ಸಾಕ್ಷಿ. ಲ್ಯಾಮಿನೇಶನ್ ಹಾಕಿದ ಪುಟ ಸುಳ್ಳೇನೂ ಹೇಳುವುದಿಲ್ಲ. ಅಜ್ಜ ಮಾಲಕರಾಗಿದ್ದದ್ದು ನಿಜವೇ. ‘ಸ್ಥಾಪಕರು’ ಎಂಬ ಒಂದು ಶಬ್ದ ಗೋಡೆಯ ಮೇಲೆ ಬಂದರೆ ಯಾರ ಗಂಟು ಹೋಗುತ್ತದೆ? ಅಪ್ಪ ಇಡೀ ಜೀವನ ಆಸೆಪಟ್ಟದ್ದು ಇದೊಂದನ್ನೇ. ಹೀಗೆಲ್ಲ ಯೋಚಿಸಿ ಎರಡು ದಿನ ಸುಮ್ಮನಿದ್ದೆ.

ಮೂರನೆಯ ದಿನ ಸುಮತಿಗೆ ಹೇಳಿದೆ. ಅವಳು ನಗಲಿಲ್ಲ. “ನಿಮ್ಮ ಅಪ್ಪನಿಗೆ ಬೇಸರ ಆದದ್ದು ಹೆಸರು ಹಾಕದೆ ಬಿಟ್ಟರು ಅಂತ ಅಲ್ವಾ? ಈಗ ನೀವು ಹೆಸರು ಗೊತ್ತಿದ್ದೂ ಬಿಡ್ತೀರಾ?” ಎಂದು ಕೇಳಿ ಒಗೆದ ಬಟ್ಟೆ ಹರವಲು ಹೋದಳು. ಇಂಥ ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ನಿಲ್ಲದೆ ಹೋಗುವುದು ಅವಳ ಅಭ್ಯಾಸ. ನಾನು ಯೋಗೀಶನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬೋರ್ಡಿನಿಂದ ಬಾಬಜ್ಜನನ್ನೂ ತೆಗೆಯಬೇಕು, ನನ್ನ ಅಜ್ಜನನ್ನೂ ಹಾಕುವ ಹಾಗಿಲ್ಲ ಎಂದೆ.

“ಹಾಗಾ ಮಾವ? ಒಳ್ಳೆಯದಾಯ್ತಲ್ಲ” ಎಂದ ಯೋಗೀಶ. “ಮೂರು ಫೋಟೋ ಹಾಕುವ. ಸ್ಥಾಪಕರು ಅಂತ ಮುತ್ತಪ್ಪಜ್ಜನ ಕೆಳಗೆ ಬರೆಸ್ತೇನೆ. ಅವರ ಫೋಟೋ ಕಾರ್ಕಳದಲ್ಲಿ ಇರ್ಬೇಕು. ನೀವೇ ಹೋಗಿ ತನ್ನಿ, ನಿಮಗೆ ಹುಡುಕಿ ಅಭ್ಯಾಸ ಉಂಟು.”

ಹಾಗೆ ನಾನು ಕಾರ್ಕಳಕ್ಕೆ ಹೋದೆ. ಚೀಲದಲ್ಲಿ ಮೂರನೆಯ ಪುಸ್ತಕದ ಜೆರಾಕ್ಸ್, ಈ ಸಲ ಮಾಡಿಸಿಯೇ ಬಿಟ್ಟದ್ದು, ಮತ್ತು ವಾಪಸು ಬರುವಾಗ ಯೋಗೀಶನಿಗೆ ಕೊಡಲು ಅಜ್ಜನ ಫೋಟೋ. ಅತ್ತೆ ಕೊಟ್ಟ ಗುರುತಿನಿಂದ ಮುತ್ತಪ್ಪನವರ ಮೊಮ್ಮಗ ಜಗನ್ನಾಥಣ್ಣನ ಮನೆಯನ್ನು ಹಿಡಿಯಲು ಕಷ್ಟವಾಗಲಿಲ್ಲ. ಎಪ್ಪತ್ತು ದಾಟಿದ ಹಿರಿಯರು, ಜಗಲಿಯಲ್ಲಿ ಪೇಪರು ಓದುತ್ತಾ ಕುಳಿತಿದ್ದರು. ಅಂಬಲಪಾಡಿಯಿಂದ ಬಂದಿದ್ದೇನೆ, ಕಾಪುವಿನ ಗ್ಯಾಸ್‌ಲೈಟ್ ಅಂಗಡಿಯ ವಿಷಯ ಎಂದಷ್ಟೇ ಹೇಳಿದೆ.

ಅವರು ಪೇಪರನ್ನು ಮಡಚಿ ಪಕ್ಕಕ್ಕಿಟ್ಟರು. “ಅದು ನಮ್ಮ ಅಂಗಡಿ ಮಾರಾಯ್ರೆ!” ಎಂದರು. ಆಮೇಲೆ ಅರ್ಧ ಗಂಟೆ ನಾನು ಬಾಯಿ ತೆರೆಯಬೇಕಾಗಲಿಲ್ಲ. ದೀಪ ಉಜ್ಜಿದ್ದು ಯಾರು, ಅಂಗಡಿ ಹೋದದ್ದು ಯಾರಿಗೆ, ಅವರ ಅಪ್ಪ ಎಷ್ಟು ನೊಂದುಕೊಂಡರು, ಒಂದು ಹೆಸರಾದರೂ ಇರಬೇಡವಾ, ಎಲ್ಲ ಬಂತು. ನನಗೆ ಮುಂದಿನ ವಾಕ್ಯ ಮೊದಲೇ ಗೊತ್ತಿರುತ್ತಿತ್ತು. ಒಂದೆರಡು ಕಡೆ ಅವರಿಗೆ ಶಬ್ದ ಸಿಗದಾಗ ನಾನೇ ಒದಗಿಸಿದೆ. “ಸರಿಯಾಗಿ ಹೇಳಿದಿರಿ! ನಿಮಗೂ ಇಂಥದ್ದು ಆಗಿದೆಯಾ?” ಎಂದು ಕೇಳಿದರು. ಆಗಿದೆ ಎಂದೆ. ಪಾಪ, ಅವರು ನನ್ನ ಕೈ ಹಿಡಿದುಕೊಂಡರು.

ಜೆರಾಕ್ಸ್ ತೆಗೆದು ತೋರಿಸಿದೆ. ತಮ್ಮ ಅಜ್ಜನ ಹೆಸರನ್ನು ಬೆರಳಿಟ್ಟು ಎರಡು ಸಲ ಓದಿದರು. ಅಂಗಡಿಯಲ್ಲಿ ಫೋಟೋ ಹಾಕಿ ಕೆಳಗೆ ಸ್ಥಾಪಕರು ಎಂದು ಬರೆಯುತ್ತಾರೆ ಎಂದಾಗ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು, ತುಂಬ ಹೊತ್ತು ಒರೆಸಿದರು. ಆ ಮುಖವನ್ನು ನಾನು ಅಪ್ಪನಲ್ಲಿ ನೋಡಬೇಕೆಂದಿದ್ದೆ. ಹೊಟ್ಟೆಕಿಚ್ಚಾಯಿತು, ಸಂತೋಷವೂ ಆಯಿತು.

ಜಗನ್ನಾಥಣ್ಣ ಒಳಗೆ ಹೋಗಿ ಫೋಟೋ ತಂದರು. ಪೇಟ ಸುತ್ತಿದ ಮುತ್ತಪ್ಪಜ್ಜ ಕುರ್ಚಿಯಲ್ಲಿ ಕುಳಿತಿದ್ದಾರೆ, ಕಾಲ ಬಳಿ ಒಂದು ಗ್ಯಾಸ್‌ಲೈಟ್. ಫೋಟೋದ ಬಲಗಡೆ ಮಾತ್ರ ಮೇಲಿಂದ ಕೆಳಗೆ ಉದ್ದಕ್ಕೆ ಕತ್ತರಿಸಿ ಹೋಗಿತ್ತು. “ಇಲ್ಲಿ ಆ ಅಳಿಯ ನಿಂತಿದ್ದ. ನನ್ನ ಅಪ್ಪ ಬ್ಲೇಡಿನಲ್ಲಿ ತೆಗೆದದ್ದು” ಎಂದರು ಜಗನ್ನಾಥಣ್ಣ. “ಕೈ ಮಾತ್ರ ಉಳಿದಿದೆ, ನೋಡಿ. ಕುರ್ಚಿಯ ಬೆನ್ನಿನ ಮೇಲೆ ಇಟ್ಟಿದ್ದ. ಅದನ್ನು ತೆಗೆದರೆ ಅಜ್ಜನ ಭುಜವೂ ಹೋಗ್ತದಲ್ಲ.”

ಭುಜದ ಹಿಂದೆ ನಾಲ್ಕು ಬೆರಳು. ಕಿರುಬೆರಳು ಸ್ವಲ್ಪ ಒಳಕ್ಕೆ ಬಾಗಿದೆ. ನಮ್ಮ ಅಪ್ಪನದೂ ಹಾಗೇ ಇತ್ತು, ನನ್ನದೂ ಹಾಗೇ ಇದೆ. ನಾನು ಚೀಲದಿಂದ ನನ್ನ ಅಜ್ಜನ ಫೋಟೋ ತೆಗೆದು ಪಕ್ಕದಲ್ಲಿಟ್ಟೆ. “ಆ ಕೈ ಇವರದು. ಇವರು ತ್ಯಾಂಪಣ್ಣ. ನಾನು ಇವರ ಮೊಮ್ಮಗ” ಎಂದೆ.

ಅವರು ನನ್ನನ್ನು ನೋಡಿದರು. ನಾನು ಚೀಲದ ಹಿಡಿ ನೋಡಿದೆ. ಎದ್ದು ಹೋಗು ಎಂದರೆ ಎಷ್ಟು ಗಂಟೆಗೆ ಬಸ್ಸಿದೆ ಎಂದು ಲೆಕ್ಕ ಹಾಕುತ್ತಿರುವಾಗ ಜಗನ್ನಾಥಣ್ಣ ಒಳಗೆ ತಿರುಗಿ ದೊಡ್ಡ ಸ್ವರದಲ್ಲಿ ಕೂಗಿದರು, “ಏ, ಎಲ್ಲರೂ ಬನ್ನಿ ಇಲ್ಲಿ! ಅಳಿಯನ ಮೊಮ್ಮಗ ಬಂದಿದ್ದಾರೆ!”

ಹೆಂಡತಿ, ಸೊಸೆ, ಮೊಮ್ಮಗಳು, ಪಕ್ಕದ ಮನೆಯ ಒಬ್ಬ ಹೆಂಗಸು, ಎಲ್ಲರೂ ಬಂದು ನನ್ನನ್ನು ನೋಡಿದರು. ಮೂರು ತಲೆಮಾರು ಬೈದವರನ್ನು ಕಣ್ಣಾರೆ ಕಂಡದ್ದು ಅವರಿಗೆ ಅದೇ ಮೊದಲು. “ನೋಡಿದ್ರೆ ಪಾಪದವರ ಹಾಗೆ ಇದ್ದಾರೆ” ಎಂದರು ಸೊಸೆ. ಗೋಳಿಬಜೆ ಬಂತು, ಚಾ ಬಂತು, ಮತ್ತೊಮ್ಮೆ ಗೋಳಿಬಜೆ ಬಂತು. ಮೂಡುಬಿದಿರೆಯಲ್ಲಿರುವ ತಮ್ಮನಿಗೆ ಜಗನ್ನಾಥಣ್ಣ ವಿಡಿಯೋ ಕಾಲ್ ಮಾಡಿ ನನ್ನ ಮುಖಕ್ಕೆ ಹಿಡಿದರು. ಆ ಕಡೆಯವರು ತುಂಬ ಸಂತೋಷದಿಂದ ನಮಸ್ಕಾರ ಮಾಡಿದರು. ಸ್ವಂತ ನೆಂಟರ ಮನೆಯಲ್ಲೂ ನನಗೆ ಇಷ್ಟು ಉಪಚಾರವಾದದ್ದಿಲ್ಲ.

ಹೊರಡುವಾಗ ಮೊಮ್ಮಗಳು ಮೊಬೈಲು ಹಿಡಿದು, “ಅಜ್ಜನೊಟ್ಟಿಗೆ ಒಂದು ಫೋಟೋ” ಎಂದಳು. ಜಗನ್ನಾಥಣ್ಣ ಕುರ್ಚಿಯಲ್ಲಿ ಕುಳಿತರು. ನಾನು ಬಲಗಡೆ ನಿಂತೆ. ಕೈ ಎಲ್ಲಿಡಬೇಕೆಂದು ತಿಳಿಯದೆ ಕುರ್ಚಿಯ ಬೆನ್ನಿನ ಮೇಲಿಟ್ಟೆ.

“ಕೈ ಸ್ವಲ್ಪ ಈಚೆ ತೆಗೀರಿ” ಎಂದರು ಜಗನ್ನಾಥಣ್ಣ, ಮೊಬೈಲಿನ ಕಡೆ ನಗುತ್ತಲೇ. “ಮತ್ತೆ ಕತ್ತರಿಸುವವರಿಗೆ ಕಷ್ಟ ಆಗ್ತದೆ.”